ಚಹಾ ಪೆಟ್ಟಿಗೆಯ ಕೋಣೆ

ಆ ಮನೆಯಲ್ಲಿ ವೈ-ಫೈ ಡಬ್ಬಿ ಅಲೆದಷ್ಟು ಮನೆಯವರು ಯಾರೂ ಅಲೆದಿರಲಿಲ್ಲ. ಮೊದಲು ಅದು ಟಿವಿಯ ಪಕ್ಕದಲ್ಲಿತ್ತು. ಅಲ್ಲಿಂದ ಫ್ರಿಜ್ಜಿನ ತಲೆಯೇರಿತು. ಫ್ರಿಜ್ಜಿನ ಸಹವಾಸ ಅದಕ್ಕೆ ಆಗಿಬರುವುದಿಲ್ಲ ಎಂದು ಯಾರೋ ಹೇಳಿದ ಮೇಲೆ ಚಪ್ಪಲಿ ಗೂಡಿನ ಮೇಲೆ ಬಂದು ಕೂತಿತು. ಇವತ್ತು ಬೆಳಿಗ್ಗೆ ಮನೆಯ ಯಜಮಾನ, ಲಿಫ್ಟ್ ಮೆಕ್ಯಾನಿಕ್, ಸ್ಟೂಲು ಹತ್ತಿ, ಈರುಳ್ಳಿ ತರುವ ಬಲೆಚೀಲದೊಳಗೆ ಅದನ್ನು ಕೂರಿಸಿ, ಅಡುಗೆಮನೆಯ ಬಾಗಿಲ ಮೇಲಿನ ಮೊಳೆಗೆ ನೇತುಹಾಕುತ್ತಿದ್ದ. ಅದರ ಹಸಿರು ದೀಪಗಳು ಬಲೆಯ ಕಣ್ಣುಗಳಿಂದ ಪಿಳಿಪಿಳಿ ನೋಡುತ್ತಿದ್ದವು.

"ತೊಟ್ಟಿಲು ಕಟ್ಟಿದ್ದಾಯ್ತು," ಎಂದಳು ಅವನ ಅಮ್ಮ, ಬ್ರೆಡ್ಡಿನ ತುಂಡನ್ನು ಚಹಾದಲ್ಲಿ ಅದ್ದುತ್ತ. "ಇನ್ನು ಲಾಲಿ ಯಾರು ಹಾಡೋದು?"

"ಅಮ್ಮ, ಮೆಲ್ಲಗೆ," ಎಂದು ಅವನು ಒಳಕೋಣೆಯ ಕಡೆ ಕಣ್ಣು ತೋರಿಸಿದ.

ಒಳಕೋಣೆಯಲ್ಲಿ ಅವನ ಹೆಂಡತಿ ಕೆಲಸಕ್ಕೆ ಕೂತಿದ್ದಳು. ಅವಳದು ಫೋನಿನ ಕೆಲಸ. ಕಣ್ಣಿನ ಆಸ್ಪತ್ರೆಗೆ ತೋರಿಸಿಕೊಳ್ಳಲು ಬರುವವರಿಗೆ ದಿನ, ಹೊತ್ತು ಗೊತ್ತುಮಾಡಿ ಕೊಡುವುದು; ಕಂಪನಿ ಕೊಟ್ಟ ಪುಟ್ಟ ಕಂಪ್ಯೂಟರಿನಲ್ಲೇ ಕರೆ ಬರುತ್ತಿತ್ತು, ಅದರಲ್ಲೇ ಮಾತಾಡಬೇಕಿತ್ತು. ಆ ಕಂಪ್ಯೂಟರಿಗೆ ತಂತಿ ಚುಚ್ಚುವ ಜಾಗವೇ ಇರಲಿಲ್ಲ, ಎಲ್ಲವೂ ಗಾಳಿಯಲ್ಲೇ ಬರಬೇಕು. ಮೊದಲ ತಿಂಗಳು ಪರೀಕ್ಷೆ. ಕೂರುವ ಜಾಗದಲ್ಲಿ ಗಲಾಟೆ ಇರಬಾರದು, ಕರೆ ನಡುವೆ ಕಡಿಯಬಾರದು. ತಿಂಗಳು ದಾಟಿದರೆ ಕೆಲಸ ಕಾಯಂ. ಇಲ್ಲದಿದ್ದರೆ ಕಂಪ್ಯೂಟರನ್ನು ಅದು ಬಂದ ಪೆಟ್ಟಿಗೆಯಲ್ಲೇ ಹಾಕಿ ವಾಪಸು ಕಳಿಸಬೇಕು. ಇಪ್ಪತ್ತು ವರ್ಷ ಟಿಕೆಟ್ ಕೌಂಟರಿನಲ್ಲಿ ಕೂತಿದ್ದವಳ ಕೌಂಟರನ್ನು ಮುಚ್ಚಿ ಅಲ್ಲೊಂದು ಯಂತ್ರ ನಿಲ್ಲಿಸಿದ ಮೇಲೆ, ಅರ್ಧ ವರ್ಷ ಮನೆಯಲ್ಲಿ ಪರದೆ ಒಗೆಯುತ್ತ, ಒಗೆದ ಪರದೆಯನ್ನೇ ಮತ್ತೆ ಒಗೆಯುತ್ತ ಇದ್ದವಳಿಗೆ ಸಿಕ್ಕ ಕೆಲಸ ಇದು. ಅವಳು ಆ ಪೆಟ್ಟಿಗೆಯನ್ನು ಬಿಸಾಡಿರಲಿಲ್ಲ. ಮಂಚದ ಕೆಳಗಿಟ್ಟಿದ್ದಳು. ಅದೇ ಅವನ ಕಣ್ಣಿಗೆ ಚುಚ್ಚುತ್ತಿತ್ತು.

ಬಾಗಿಲು ತೆರೆಯಿತು. ಹೆಂಡತಿ ಕಿವಿಯ ಹೆಡ್‌ಫೋನನ್ನು ಕೊರಳಿಗೆ ಇಳಿಸಿಕೊಂಡು ನಿಂತಿದ್ದಳು.

"ಏನು ಮಾಡಿದ್ರೀ ಈಗ?"

"ಯಾಕೆ? ಬಂತಾ?"

"ಇದ್ದಿದ್ದೂ ಹೋಯ್ತು. ಪಾಪ, ಆ ಅಜ್ಜ ಎಡಗಣ್ಣು ಅಂದ್ರೋ ಬಲಗಣ್ಣು ಅಂದ್ರೋ ಗೊತ್ತಾಗಲಿಲ್ಲ. 'ನನ್ನ ಮಾತು ಕೇಳಿಸ್ತಾ ಇದೆಯಾ, ಕೇಳಿಸ್ತಾ ಇದೆಯಾ' ಅಂತ ನಾನು, 'ಕಣ್ಣಮ್ಮಾ, ಕಣ್ಣು, ಕಿವಿ ಅಲ್ಲ' ಅಂತ ಅವರು!"

ಅಮ್ಮ ಚಹಾ ಲೋಟದೊಳಗೆ ನಕ್ಕಳು. ನಗದೆ ಇದ್ದವನು ಅವನೊಬ್ಬನೇ. ಮತ್ತೆ ಸ್ಟೂಲು ಹತ್ತಿದ.

*

ಮನೆ ಇದ್ದದ್ದು ಟಯರ್ ಅಂಗಡಿಯ ಮೇಲೆ. ಬೆಳಿಗ್ಗೆಯಿಂದ ಸಂಜೆಯವರೆಗೆ ಕೆಳಗೆ ಗಾಳಿ ತುಂಬುವ ಯಂತ್ರ ಬುಸುಗುಡುತ್ತಿತ್ತು, ಕಬ್ಬಿಣದ ಮೇಲೆ ಕಬ್ಬಿಣ ಬೀಳುತ್ತಿತ್ತು. ಎದುರಿಗೆ ಬಸ್ಸುಗಳ ತಿರುವು. ಹಜಾರದಲ್ಲಿ ವೈ-ಫೈ ಕುದುರೆಯ ಹಾಗೆ ಓಡುತ್ತಿತ್ತು, ಆದರೆ ಅಲ್ಲಿ ಕೂತು ಆಸ್ಪತ್ರೆಯ ಹೆಸರಿನಲ್ಲಿ ಮಾತಾಡಿದರೆ ರೋಗಿಗಳು ಗ್ಯಾರೇಜಿಗೆ ಫೋನು ಹೋಯಿತೆಂದು ಇಟ್ಟುಬಿಡುತ್ತಿದ್ದರು. ಬಾಲ್ಕನಿಗೆ ಗಾಜು ಹಾಕಿ ಮಾಡಿದ್ದ ಕೋಣೆ ಮಗಳದು, ಅಲ್ಲಂತೂ ಬಸ್ಸಿನ ಕಂಡಕ್ಟರನ ಸೀಟಿ ಸಮೇತ ಒಳಗೆ ಬರುತ್ತಿತ್ತು. ಇಡೀ ಮನೆಯಲ್ಲಿ ಸದ್ದಿಲ್ಲದ ಜಾಗ ಅಂದರೆ ಒಳಕೋಣೆ ಒಂದೇ. ಅದರ ಬಾಗಿಲು ಹಾಕಿಕೊಂಡರೆ ಹತ್ತಿಯೊಳಗೆ ಕೂತ ಹಾಗೆ.

ಆ ಮೌನವನ್ನು ಅವನ ಅಪ್ಪ ಕೈಯಾರೆ ಕಟ್ಟಿದ್ದ.

ಅಮ್ಮ ಆಗ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ರಾತ್ರಿ ಪಾಳಿಯ ಆಪರೇಟರು. ರಾತ್ರಿಯಿಡೀ ಯಾರ್‍ಯಾರದೋ ಊರನ್ನು ಯಾರ್‍ಯಾರದೋ ಊರಿಗೆ ಜೋಡಿಸಿ, ಹಾಲಿನವನ ಜೊತೆಗೇ ಮೆಟ್ಟಿಲು ಹತ್ತಿ ಬರುತ್ತಿದ್ದಳು. ಹಗಲು ನಿದ್ದೆ. ಕೆಳಗೆ ಆಗ ಟಯರ್ ಅಂಗಡಿ ಇರಲಿಲ್ಲ, ತಗಡಿನ ಡಬ್ಬಿ ಮಾಡುವ ಅಂಗಡಿ ಇತ್ತು. ಅದರ ಮುಂದೆ ಟಯರ್ ಅಂಗಡಿ ಜೋಗುಳ. ಅಪ್ಪ ಚಹಾ ಗೋದಾಮಿನಲ್ಲಿ ಕೆಲಸಕ್ಕಿದ್ದ. ಖಾಲಿಯಾದ ಚಹಾ ಪೆಟ್ಟಿಗೆಗಳನ್ನು ಗೋದಾಮಿನವರು ಸೌದೆಗೆ ಹಾಕುತ್ತಿದ್ದರು. ಅಪ್ಪ ಅವನ್ನು ಸೈಕಲ್ಲಿಗೆ ಕಟ್ಟಿ ತಂದು, ಬಿಚ್ಚಿ, ಹಲಗೆ ಹಲಗೆಯಾಗಿ ಒಳಕೋಣೆಯ ನಾಲ್ಕೂ ಗೋಡೆಗೆ, ಸೂರಿಗೆ, ಬಾಗಿಲಿಗೆ ಹೊಡೆದ. ಗೋಡೆಗೂ ಹಲಗೆಗೂ ನಡುವೆ ಗೋಣಿ ತುರುಕಿದ. ಎಷ್ಟು ಭಾನುವಾರ ಹಿಡಿಯಿತೋ. ಅವನೂ ಅಕ್ಕನೂ ಮೊಳೆ ಹಿಡಿದುಕೊಂಡು ನಿಲ್ಲುವವರು. ಕೆಲಸ ಮುಗಿದ ಮೇಲೆ ಪೆಟ್ಟಿಗೆಯೊಳಗಿನ ಬೆಳ್ಳಿ ಕಾಗದದ ಉಳಿದ ಚೂರುಗಳಲ್ಲಿ ದೋಣಿ ಮಾಡಿ ಬಚ್ಚಲಿನ ಬಕೆಟ್ಟಿನಲ್ಲಿ ಬಿಡುತ್ತಿದ್ದರು. ದೋಣಿ ಮುಳುಗಿದರೆ ನೀರಿಗೆ ಚಹಾ ವಾಸನೆ.

ಮೇಲೆ ಬಣ್ಣ ಬಂತು, ಬಣ್ಣದ ಮೇಲೆ ಇನ್ನೊಂದು ಬಣ್ಣ. ಆದರೂ ಮಳೆ ಬಂದು ಗಾಳಿ ತೇವವಾದರೆ ಕೋಣೆ ಮೆಲ್ಲಗೆ ಚಹಾ ವಾಸನೆ ಬಿಡುತ್ತಿತ್ತು. ಮದುವೆಯಾದ ಹೊಸತರಲ್ಲಿ ಹೆಂಡತಿ ಹಾಸಿಗೆ ಎತ್ತಿ ನೋಡಿದ್ದಳು, ಯಾರು ಇಲ್ಲಿ ಚಹಾ ಪುಡಿ ಬಚ್ಚಿಟ್ಟಿದ್ದಾರೆ ಎಂದು.

ಕೋಣೆಗೊಂದು ಕಾನೂನಿತ್ತು: ಅದರ ಗೋಡೆಗೆ ಮೊಳೆ ಹೊಡೆಯಬಾರದು. ಮನೆಗೆ ಇನ್ನೊಂದು ಕಾನೂನಿತ್ತು: ಹಗಲು ಹೊತ್ತು ಸದ್ದು ಮಾಡಬಾರದು. ಕೋಣೆ ಎಷ್ಟು ಗಟ್ಟಿಯಾದರೂ ಅಪ್ಪನಿಗೆ ನಂಬಿಕೆ ಸಾಲದು. ಹಾಗಾಗಿ ಅವನ ಬಾಲ್ಯವೆಲ್ಲ ಮೂಕಾಭಿನಯ. ಊಟಕ್ಕೆ ಕರೆಯಲು ತಟ್ಟೆಯ ಮೇಲೆ ಚಮಚ ಬೋರಲು ಹಾಕಿ ತೋರಿಸುವುದು. ಕಿವಿ ಹಿಡಿದರೆ ಅಪ್ಪ ಬಂದರು ಅಂತ. ಎರಡು ಬೆರಳು ಮೊಣಕೈ ಮೇಲೆ ಓಡಿಸಿದರೆ ಸ್ಕೂಲಿನ ಬಸ್ಸು ಬಂತು ಅಂತ. ಗದ್ದದ ಕೆಳಗೆ ಅಂಗೈ ತಂದು ಬೀಸಿದರೆ ಅದು ಅಕ್ಕ ಅವನನ್ನು ಬಯ್ಯುವ ಅತಿ ಕೆಟ್ಟ ಬೈಗುಳ. ಬಾಗಿಲನ್ನು ಹಿಡಿಕೆ ಎತ್ತಿ ಮುಚ್ಚಬೇಕು, ಇಲ್ಲವಾದರೆ ತಿರುಗಣೆ ಕಿರುಗುಟ್ಟುತ್ತದೆ. ನಗು ಬಂದರೆ ದಿಂಬು. ಮಧ್ಯಾಹ್ನ ಬಾಗಿಲ ಹೊರಗೆ ಅಕ್ಕ ತಮ್ಮ ಕೂತು ಪಿಸುಪಿಸು ಹೋಂವರ್ಕ್ ಮಾಡುತ್ತಿದ್ದರು. ಸಂಜೆ ಅಮ್ಮ ಕೂದಲು ಕೆದರಿಕೊಂಡು ಹೊರಗೆ ಬಂದೊಡನೆ ಮನೆಗೆ ಒಮ್ಮೆಲೇ ಬಾಯಿ ಬರುತ್ತಿತ್ತು. ಕಟ್ಟೆ ಒಡೆದ ನೀರು. ಆ ಹೊತ್ತು ನೆನೆದರೆ ಈಗಲೂ ಅವನ ಎದೆ ಹಗುರಾಗುತ್ತಿತ್ತು.

ಅಪ್ಪ ಹೋದ. ಅಮ್ಮ ನಿವೃತ್ತಳಾದಳು. ಮಂಡಿನೋವು, ಬಚ್ಚಲು ಹತ್ತಿರವಿರಲಿ ಎಂದು ಹಜಾರದ ಸೋಫಾಕ್ಕೆ ಬಂದು, ಕೋಣೆಯನ್ನು ಮಗ ಸೊಸೆಗೆ ಬಿಟ್ಟಳು. ಟಿವಿ ಕಿರುಚುತ್ತಿದ್ದರೂ ಅದರೆದುರಿಗೇ ಬಾಯಿ ತೆರೆದುಕೊಂಡು ನಿದ್ದೆ ಹೋಗುವಳು. ಪಾಪ, ನಿದ್ದೆ ಕೆಡದಿರಲಿ ಎಂದು ಟಿವಿ ಆರಿಸಿದರೆ ತಟ್ಟನೆ ಕಣ್ಣು ಬಿಟ್ಟು, "ಯಾಕೆ ಆರಿಸಿದ್ರಿ? ನೋಡ್ತಾ ಇದ್ದೆ!" ಎನ್ನುವಳು. ಮನೆಯವರೆಲ್ಲ ಅದನ್ನು ವಯಸ್ಸಿನ ಲೆಕ್ಕಕ್ಕೆ ಹಾಕಿದ್ದರು.

*

ಎರಡನೆಯ ವಾರ ಇಂಟರ್ನೆಟ್ ಕಂಪನಿಯಿಂದ ಒಬ್ಬ ಬಂದ. ತೆಳ್ಳಗಿನ ಆಸಾಮಿ, ಬಾಯಲ್ಲಿ ಸದಾ ಏಲಕ್ಕಿ. ಹಜಾರದಲ್ಲಿ ನಿಂತು ಮೊಬೈಲು ನೋಡಿ, "ಭರ್ತಿ ಇದೆಯಲ್ರೀ," ಎಂದ. ಒಳಕೋಣೆಗೆ ಹೆಜ್ಜೆ ಇಟ್ಟ. ಮೊಬೈಲು ನೋಡಿದ. ಹೊರಗೆ ಬಂದ. ಮತ್ತೆ ಒಳಗೆ ಹೋದ.

"ಇದೇನ್ರೀ ಇದು, ಬಾವಿಗೆ ಇಳಿದ ಹಾಗಿದೆ. ಬಾಗಿಲ ಸಂದಿಯಲ್ಲಿ ಮಾತ್ರ ಒಂದು ಗೆರೆ ಬರುತ್ತೆ. ಗೋಡೆ ದಪ್ಪ ಇದೆಯಾ?"

"ಒಂದಿಟ್ಟಿಗೆ ಗೋಡೆ," ಎಂದ ಲಿಫ್ಟ್ ಮೆಕ್ಯಾನಿಕ್. "ಮೇಲೆ ಮರದ ಹಲಗೆ."

"ಮರ ಏನೂ ಮಾಡಲ್ಲ. ಒಂದು ಕೆಲಸ ಮಾಡಿ. ಈ ಗೋಡೆಗೆ ಒಂದು ತೂತು ಹೊಡೆದು ತಂತಿ ಎಳೀತೀನಿ, ಒಳಗೆ ಇನ್ನೊಂದು ಡಬ್ಬಿ ಇಡ್ತೀನಿ. ಮುಗೀತು."

"ಆ ಗೋಡೆಗೆ ತೂತು ಹೊಡೆಯೋ ಹಾಗಿಲ್ಲ."

"ಯಾಕ್ರೀ?"

"ಇಲ್ಲ. ನಮ್ಮ ತಂದೆ ಮಾಡಿದ್ದು. ಅಮ್ಮನಿಗೆ ಬೇಜಾರಾಗುತ್ತೆ."

ಅಮ್ಮ ಸೋಫಾದಲ್ಲಿ ಕೂತು ಬಟಾಣಿ ಸುಲಿಯುತ್ತಿದ್ದಳು. ತಲೆಯೆತ್ತಿ ಮಗನನ್ನು ನೋಡಿದಳು. ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಅವನು ಅವಳ ಕಡೆ ಕೈ ತೋರಿಸಿ, "ನೀನು ಸುಮ್ಮನಿರಮ್ಮ, ನಾನು ನೋಡ್ಕೋತೀನಿ," ಎಂದುಬಿಟ್ಟ. ಅವಳು ಬಟಾಣಿಗೆ ಮರಳಿದಳು.

"ಬಾಗಿಲ ಕೆಳಗಿಂದ ಎಳೀಲಾ?"

ಬಾಗಿಲ ಕೆಳಗೆ ಅಪ್ಪ ಹೊಡೆದ ರಬ್ಬರ್ ಪಟ್ಟಿ ಇತ್ತು. ತಂತಿ ಹಾಯಿಸಿದರೆ ಬಾಗಿಲು ಮುಚ್ಚುವುದಿಲ್ಲ, ಮುಚ್ಚದಿದ್ದರೆ ಟಯರ್ ಅಂಗಡಿ ಒಳಗೆ ಬರುತ್ತದೆ. ಏಲಕ್ಕಿಯವನು ಭುಜ ಕುಣಿಸಿ, ಡಬ್ಬಿಯನ್ನು ಆರಿಸಿ, ಮತ್ತೆ ಹೊತ್ತಿಸಿ, ಸಹಿ ಹಾಕಿಸಿಕೊಂಡು ಹೋದ.

ಆ ಸಂಜೆಯಿಂದ ಮನೆಯಲ್ಲಿ ಸುಗ್ರೀವಾಜ್ಞೆ. ಹೆಂಡತಿಯ ಕೆಲಸದ ಹೊತ್ತಿನಲ್ಲಿ ಯಾರೂ ವೀಡಿಯೊ ನೋಡಬಾರದು. ಅಜ್ಜಿಯ ಧಾರಾವಾಹಿ ರಾತ್ರಿಗೆ. ಮೈಕ್ರೋವೇವ್ ಮುಟ್ಟಬಾರದು.

ಮಗಳಿಗೆ ಹದಿನೇಳು. ಹುಟ್ಟಿದ ದಿನ ಅವಳು ಅತ್ತ ಅಳುವಿಗೆ ಪಕ್ಕದ ವಾರ್ಡಿನವರು ಎದ್ದು ಬಂದಿದ್ದರಂತೆ. ಅಂದೇ ಅಜ್ಜಿ ಅವಳಿಗೆ ಡಂಗುರ ಎಂದು ಹೆಸರಿಟ್ಟಿದ್ದಳು, ಮತ್ತು ಅವಳು ಆ ಹೆಸರಿಗೆ ಒಂದು ದಿನವೂ ಕಳಂಕ ತಂದಿರಲಿಲ್ಲ.

"ಅಪ್ಪ, ನಾನು ಪರೀಕ್ಷೆಗೆ ಓದಬೇಕು. ಪಾಠ ಎಲ್ಲಾ ವೀಡಿಯೊದಲ್ಲೇ ಇದೆ."

"ಪುಸ್ತಕದಲ್ಲಿ ಓದು. ನಾವು ಓದಲಿಲ್ವಾ?"

"ಓದಿದ್ದಕ್ಕೇ ತಾನೆ ಲಿಫ್ಟ್ ಒಳಗೆ ನೇತಾಡ್ತಾ ಇರೋದು?"

"ಏಯ್!" ಎಂದಳು ತಾಯಿ.

"ಮತ್ತೆ ಏನಮ್ಮ? ನಾನು ನೋಡದೇ ಇದ್ದಾಗಲೂ ನಿನ್ನ ಕರೆ ಕಡೀತಾ ಇತ್ತು ತಾನೆ? ಕುಣಿಯೋಕೆ ಬರದೇ ಇರೋನು ನೆಲ ಡೊಂಕು ಅಂದ್ನಂತೆ. ಈ ಮನೇಲಿ ನೆಲ ಅಂದ್ರೆ ನಾನೇ!"

"ಮೆಲ್ಲಗೆ ಮಾತಾಡು," ಎಂದ ಅವನು.

"ಯಾಕೆ ಮೆಲ್ಲಗೆ? ಯಾರು ಮಲಗಿದ್ದಾರೆ?"

ಯಾರೂ ಮಲಗಿರಲಿಲ್ಲ. ಆದರೂ ತಟ್ಟೆಯ ಮೇಲೆ ಚಮಚವನ್ನು ಸದ್ದಾಗದ ಹಾಗೆ ಇಟ್ಟು, ಹಿಡಿಕೆ ಎತ್ತಿ ಬಾಗಿಲು ಮುಚ್ಚಿಕೊಂಡು ಆಚೆ ಹೋದ. ಹಿಂದಿನಿಂದ ಅಮ್ಮನ ಮಾತು ಕೇಳಿಸಿತು.

"ಡಂಗುರ, ನೀನು ಬೈದಿದ್ದು ಚೆನ್ನಾಗಿತ್ತು ಕಣೇ. ಇನ್ನೂ ಸ್ವಲ್ಪ ಗಟ್ಟಿ ಬೈಬಹುದಿತ್ತು."

*

ಮೂರನೆಯ ವಾರ ಹೆಂಡತಿ ತಾನೇ ಒಂದು ಉಪಾಯ ಕಂಡುಕೊಂಡಳು. ಮೇಜು ಕುರ್ಚಿ ಬಿಟ್ಟು, ಮಂಚದ ಕಾಲಿನ ಕಡೆ, ಬಾಗಿಲಿಗೆ ಅಂಟಿಕೊಂಡ ಹಾಗೆ ಒಂದು ಮೋಟು ಸ್ಟೂಲು ಹಾಕಿಕೊಂಡಳು. ಅಲ್ಲಿ, ಬಾಗಿಲು ಚೌಕಟ್ಟಿಗೆ ಸರಿಯಾಗಿ ಕೂರದ ಕೂದಲೆಳೆಯಷ್ಟು ಸಂದಿಯ ಹತ್ತಿರ, ಕಂಪ್ಯೂಟರನ್ನು ಮೊಣಕಾಲ ಮೇಲೆ ಓರೆಯಾಗಿ ಹಿಡಿದರೆ ಮಾತು ನಿಲ್ಲುತ್ತಿತ್ತು. ಕೂತು ಕೂತು ಸೊಂಟ ಹಿಡಿದುಕೊಂಡಿತು. ಸ್ವಲ್ಪ ಅಲುಗಿದರೆ ಕರೆ ಕಡಿಯುತ್ತಿತ್ತು.

ಅಮ್ಮ ಒಮ್ಮೆ ಸೂಪಿನ ಬಟ್ಟಲು ಹಿಡಿದು ಒಳಗೆ ಹೋದವಳು ಸೊಸೆ ಕೂತ ಜಾಗ ನೋಡಿ ನಿಂತುಬಿಟ್ಟಳು.

"ನೀನೂ ಇಲ್ಲೇ ಬಂದ್ಯಾ?"

"ಏನತ್ತೆ?"

"ಏನಿಲ್ಲ. ಆರೋಕೆ ಮುಂಚೆ ಕುಡಿ."

ಶುಕ್ರವಾರ ಮೇಲ್ವಿಚಾರಕಿಯ ಫೋನು ಬಂತು. ಹೆಂಡತಿ ಹಜಾರಕ್ಕೆ ಬಂದು ಊಟದ ಮೇಜಿನ ಮುಂದೆ ಕೂತಳು. ಬೇಯಿಸಿದ ಆಲೂಗಡ್ಡೆ ಆರುತ್ತಿತ್ತು.

"ಏನಂದ್ರು?" ಎಂದ ಅವನು.

"ತುಂಬಾ ಒಳ್ಳೆ ಮಾತಲ್ಲಿ ಹೇಳಿದ್ರು. ಅದೇ ಭಯ. ನಿಮ್ಮ ದನಿ ಚೆನ್ನಾಗಿದೆ, ವಯಸ್ಸಾದವರು ನಿಮ್ಮನ್ನೇ ಕೇಳ್ತಾರೆ, ಆದರೆ ಅರ್ಧ ಕರೆ ಕಡಿದು ಹೋಗ್ತಿವೆ. ಮುಂದಿನ ವಾರ ನೋಡ್ತೀವಿ ಅಂದ್ರು. ಅಷ್ಟೇ."

"ನಾನು ದೊಡ್ಡ ಡಬ್ಬಿ ತರ್ತೀನಿ. ಆರು ಆಂಟೆನಾ ಕೊಂಬಿನದು ಇದೆಯಂತೆ."

"ಬೇಡ ರೀ. ಮೂರು ಕೊಂಬಿನದು ತಂದಾಗಲೂ ಹೀಗೇ ಅಂದಿದ್ರಿ." ಅವಳು ಆಲೂಗಡ್ಡೆಯ ಸಿಪ್ಪೆಯನ್ನು ಉಗುರಿನಲ್ಲಿ ಎಬ್ಬಿಸಿದಳು. "ಕೌಂಟರಿನಲ್ಲಿ ಎಷ್ಟು ವರ್ಷ ಗಾಜಿನ ಹಿಂದೆ ಕೂತೆ. ಆ ತೂತಿನಿಂದ ಎಲ್ಲರಿಗೂ ನನ್ನ ಮಾತು ಕೇಳಿಸ್ತಿತ್ತು. ಈಗ ನನ್ನ ಮನೇಲೇ ನನ್ನ ಮಾತು ಆಚೆ ಹೋಗ್ತಿಲ್ಲ."

ಡಂಗುರ ಎದ್ದು ತಾಯಿಯ ತಟ್ಟೆಯ ಆಲೂಗಡ್ಡೆಯನ್ನು ತಾನೇ ಸುಲಿದುಕೊಟ್ಟಳು.

*

ಸೋಮವಾರ ಅವನಿಗೆ ಒಂದು ಹಳೆಯ ಕಟ್ಟಡದಿಂದ ಕರೆ ಬಂತು. ಲಿಫ್ಟು ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡಿತ್ತು, ಒಳಗೆ ಒಬ್ಬ ಹಿರಿಯರಿದ್ದರು. ಅವನು ಮೆಟ್ಟಿಲು ಹತ್ತಿ ಬಾಗಿಲಿಗೆ ಬಾಯಿ ಹಚ್ಚಿ ಕೂಗಿದ.

"ಸರ್, ಹೆದರಬೇಡಿ! ಮೆಕ್ಯಾನಿಕ್ ಬಂದಿದ್ದೀನಿ!"

"ಹೆದರಿಕೆ ಯಾರಿಗಯ್ಯಾ? ಕೈಲಿ ಮೊಟ್ಟೆ ಇದೆ, ಅದನ್ನ ಎಲ್ಲಿ ಇಡಲಿ ಅಂತ ನೋಡ್ತಾ ಇದ್ದೀನಿ. ಮನೆಗೆ ಫೋನ್ ಮಾಡಿದ್ರೆ ಹೋಗ್ತಾನೇ ಇಲ್ಲ!"

"ಒಳಗೆ ಸಿಗಲ್ಲ ಸರ್. ಸುತ್ತ ತಗಡಲ್ವಾ, ಗಾಳಿಯಲ್ಲಿ ಬರೋದು ಒಳಗೆ ನುಗ್ಗಲ್ಲ. ಬಾಗಿಲ ಸಂದಿ ಹತ್ತಿರ ಬನ್ನಿ, ಅಲ್ಲಿ ಒಂಚೂರು..."

ಅವನು ಅಲ್ಲಿಗೇ ನಿಂತ.

ಈ ಮಾತನ್ನು ಅವನು ವರ್ಷಗಟ್ಟಲೆ ಎಷ್ಟು ಜನಕ್ಕೆ ಹೇಳಿದ್ದನೋ. ಬಾಯಿಪಾಠ. ಇಂದು ಮೊದಲ ಸಲ ಅದು ಅವನ ಕಿವಿಗೇ ಬಿತ್ತು. ಬಾಗಿಲ ಸಂದಿ. ಮೋಟು ಸ್ಟೂಲು. ಮೊಣಕಾಲ ಮೇಲೆ ಓರೆಯಾಗಿ ಹಿಡಿದ ಕಂಪ್ಯೂಟರು. ಬಚ್ಚಲಿನ ಬಕೆಟ್ಟಿನಲ್ಲಿ ತೇಲುವ ಬೆಳ್ಳಿಯ ದೋಣಿ.

"ಏನಯ್ಯಾ, ಹೋಗಿಬಿಟ್ಯಾ?" ಎಂದಿತು ಒಳಗಿನ ದನಿ. "ಮೊಟ್ಟೆ!"

ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದಳು ಎನ್ನುತ್ತಾರೆ. ಇವನು ಕೂಸಿನೊಳಗೇ ಕೂತು ಹುಡುಕಿದ್ದ.

ಮನೆಗೆ ಬಂದಾಗ ಮಧ್ಯಾಹ್ನ. ಹೆಂಡತಿ ಒಳಗಿದ್ದಳು. ಅಮ್ಮ ಅಡುಗೆಮನೆಯಲ್ಲಿ ಪಾತ್ರೆ ಒರೆಸುತ್ತಿದ್ದಳು.

"ಅಮ್ಮ, ಆ ಚಹಾ ಪೆಟ್ಟಿಗೆಗಳ ಒಳಗೆ ಬೆಳ್ಳಿ ಕಾಗದ ಇರ್ತಿತ್ತಲ್ಲ?"

"ಇರ್ತಿತ್ತು, ತೆಳ್ಳನೆ ತಗಡಿನದು. ಚಹಾ ಥಂಡಿ ಹಿಡೀಬಾರದು ಅಂತ."

"ಅಪ್ಪ ಅದನ್ನ ಕಿತ್ತು ಹಲಗೆ ಹೊಡೆದ್ರಾ?"

"ಯಾಕೆ ಕೀಳ್ತಾರೆ? ಗೋಡೆ ಕಡೆಗೆ ಮಾಡಿ ಹೊಡೆದ್ರು. ಹರಿದ ಚೂರು ಮಾತ್ರ ನಿಮಗೆ ಕೊಡ್ತಿದ್ರು. ಅದಕ್ಕೇ ಮೊಳೆ ಬೇಡ ಅಂತಿದ್ದಿದ್ದು, ತೂತಾದ್ರೆ ಥಂಡಿ ಬರುತ್ತೆ ಅಂತ. ಏನೀಗ?"

ಅವನು ಸ್ಟೂಲಿನ ಮೇಲೆ ಕೂತ. "ಆ ಕೋಣೆ ಒಂದು ತಗಡಿನ ಡಬ್ಬಿ ಅಮ್ಮ. ಅದಕ್ಕೇ ಒಳಗೆ ಏನೂ ಬರ್ತಿಲ್ಲ."

ಅಮ್ಮ ಒರೆಸುತ್ತಿದ್ದ ಲೋಟವನ್ನು ಬೆಳಕಿಗೆ ಹಿಡಿದು ನೋಡಿದಳು.

"ಸರಿ, ತೆಗಿ."

"ಏನು ತೆಗಿ? ಅಪ್ಪ ನಿನಗೋಸ್ಕರ ಮಾಡಿದ್ದು ಅದು. ಬೇರೆ ಏನಾದ್ರೂ ದಾರಿ..."

"ನನ್ನನ್ನ ಕೇಳಿದ್ಯಾ?"

"ಏನು?"

"ಅವತ್ತು ಆ ಏಲಕ್ಕಿ ಬಾಯಿಯವನು ಬಂದಾಗ ನನ್ನನ್ನ ಕೇಳಿದ್ಯಾ? 'ಅಮ್ಮನಿಗೆ ಬೇಜಾರಾಗುತ್ತೆ' ಅಂದೆ. ನಿಮ್ಮಪ್ಪನೂ ಹಾಗೇ. 'ಅಮ್ಮನಿಗೆ ಎಚ್ಚರ ಆಗುತ್ತೆ' ಅನ್ನೋರು. ಅಮ್ಮನಿಗೆ ನಿದ್ದೆ ಬಂದಿದ್ರೆ ತಾನೆ ಎಚ್ಚರ ಆಗೋದು?"

ಅವನಿಗೆ ಅರ್ಥವಾಗಲಿಲ್ಲ. ಅವಳು ಲೋಟ ಕೆಳಗಿಟ್ಟಳು.

"ರಾತ್ರಿಯೆಲ್ಲಾ ನನ್ನ ಕಿವಿ ತುಂಬಾ ಜನ. 'ಹಲೋ ಹಲೋ, ಮಗು ಹುಟ್ಟಿತಾ, ಅಪ್ಪ ಹೇಗಿದ್ದಾರೆ.' ಬೆಳಿಗ್ಗೆ ಬಂದು ಆ ಕೋಣೆ ಹೊಕ್ಕರೆ ಕತ್ತು ಹಿಸುಕಿದ ಹಾಗೆ ನಿಶ್ಶಬ್ದ. ಮೊದಲು ಕೆಳಗಡೆ ತಗಡು ಬಡೀತಿದ್ದಾಗ ಹೇಗೋ ನಿದ್ದೆ ಬರ್ತಿತ್ತು. ಹಲಗೆ ಹೊಡೆದ ಮೇಲೆ ಅದೂ ಹೋಯ್ತು. ನನ್ನ ಮಕ್ಕಳು ಆಚೆ ಇದ್ದಾರೋ ಇಲ್ವೋ ಗೊತ್ತಾಗ್ತಿರಲಿಲ್ಲ. ದಿಂಬನ್ನ ಕಾಲಿನ ಕಡೆ ಹಾಕ್ಕೊಂಡು, ಆ ಬಾಗಿಲ ಸಂದಿಗೆ ತಲೆ ಕೊಟ್ಟು ಮಲಗ್ತಿದ್ದೆ. ನೀನು ಮಗ್ಗಿ ಹೇಳೋದು ಒಂಚೂರು ಕೇಳಿಸ್ತಿತ್ತು. ಹದಿಮೂರರ ಮಗ್ಗಿಯಲ್ಲಿ ಪ್ರತಿ ಸಲ ತಪ್ಪೋನು ನೀನು. ಎದ್ದು ಬಂದು ಸರಿ ಮಾಡೋಣ ಅನ್ನಿಸ್ತಿತ್ತು. ಎದ್ದರೆ ನಿಮ್ಮಪ್ಪ ನಿಮಗೆ ಹೊಡೀತಿದ್ರು, ಅಮ್ಮನ್ನ ಎಬ್ಬಿಸಿದ್ರಿ ಅಂತ."

"ಅಪ್ಪನಿಗೆ ಹೇಳಬಾರದಿತ್ತಾ?"

"ಹೇಗೆ ಹೇಳೋದು? ಒಂದೊಂದು ಹಲಗೆ ಹೊಡೆದಾಗಲೂ ಆಚೆ ಹೋಗಿ ತಟ್ಟೆ ಬಡಿದು, ಓಡಿ ಬಂದು ಕೇಳೋರು, 'ಈಗ ಕೇಳಿಸ್ತಾ? ಈಗ ಕೇಳಿಸ್ತಾ?' ಅಂತ. ನಾನು 'ಇಲ್ಲ' ಅಂತಿದ್ದೆ. ಆಗ ಅವರ ಮುಖ ನೋಡಬೇಕಿತ್ತು ನೀನು. ಅಂಥ ಮನುಷ್ಯನಿಗೆ, ನನಗೆ ಕೇಳಿಸಬೇಕು ಕಣ್ರೀ ಅನ್ನೋಕಾಗುತ್ತಾ?"

ದಿಂಬಿಗೆ ಬಾಯಿ ಒತ್ತಿ ನುಂಗಿದ ನಗುವೆಲ್ಲ, ಬೆರಳಲ್ಲಿ ಆಡಿದ ಜಗಳವೆಲ್ಲ ಅವನ ಕಣ್ಣ ಮುಂದೆ ಬಂತು. ಬಾಗಿಲ ಈಚೆ ಅವರು ಉಸಿರು ಹಿಡಿದು ಕೂತಿದ್ದಾಗ ಆಚೆ ಅವಳು ಕಿವಿಕೊಟ್ಟು ಕಾಯುತ್ತಿದ್ದಳು.

"ಇನ್ನೂ ಒಂದು ಮಾತು," ಎಂದಳು ಅಮ್ಮ. "ಬೀದಿ ಕಡೆ ಗೋಡೆ ಹಾಗೇ ಇರಲಿ. ಅವಳಿಗೆ ಟಯರ್ ಅಂಗಡಿ ಬೇಡ. ಈ ಅಡುಗೆಮನೆ ಕಡೆ ಗೋಡೆ ಇದೆಯಲ್ಲ, ಅದರ ಹಲಗೆ ಪೂರ್ತಿ ಕಿತ್ತು ಹಾಕು. ತೂತು ಗೀತು ಏನೂ ಬೇಡ. ಪೂರ್ತಿ."

ಅಷ್ಟರಲ್ಲಿ ಹೆಂಡತಿ ಸೊಂಟಕ್ಕೆ ಕೈಕೊಟ್ಟು ಹೊರಗೆ ಬಂದಳು. ತಾಯಿ ಮಗ ಇಬ್ಬರ ಮುಖವನ್ನೂ ನೋಡಿದಳು.

"ಏನಾಯ್ತು? ಯಾರು ಹೋದ್ರು?"

"ಯಾರೂ ಹೋಗಿಲ್ಲ," ಎಂದಳು ಅತ್ತೆ. "ಸುತ್ತಿಗೆ ಎಲ್ಲಿದೆ ಹುಡುಕು."

*

ಆ ಸಂಜೆಯೇ ಹಲಗೆ ಇಳಿಯಿತು. ಅಪ್ಪನ ಮೊಳೆಗಳು ಸುಲಭಕ್ಕೆ ಬರಲಿಲ್ಲ. ಒಂದೊಂದೂ ಕುಯ್ಯೆಂದು ಅಳುತ್ತ ಬಂತು. ಮೊದಲ ಹಲಗೆ ಕೈಗೆ ಬಂದಾಗ ಹಿಂದಿನಿಂದ ಗೋಣಿಯ ದೂಳು, ಅದರ ಹಿಂದೆಯೇ ಚಹಾ ವಾಸನೆ ಹೊರಗೆ ನುಗ್ಗಿತು. ಒಣ, ಕಪ್ಪು, ಹಳೆಯ ವಾಸನೆ; ಸೈಕಲ್ಲಿನಿಂದ ಇಳಿಯುವ ಅಪ್ಪನ ಅಂಗಿಯದು. ಹಲಗೆಯ ಬೆನ್ನಿಗೆ ಬೆಳ್ಳಿ ಕಾಗದ ಸುಕ್ಕಿಲ್ಲದೆ ಅಂಟಿಕೊಂಡಿತ್ತು, ನಿನ್ನೆ ಹಚ್ಚಿದ ಹಾಗೆ. ಡಂಗುರ ಅದರಲ್ಲಿ ಮುಖ ನೋಡಿಕೊಂಡಳು.

"ಅಪ್ಪ, ತಾತ ನೀಟಾಗಿ ಕೆಲಸ ಮಾಡ್ತಿದ್ದ ಅಲ್ವಾ?"

"ಹೂಂ," ಎಂದ ಅವನು. "ಅದೇ ತೊಂದರೆ ಆಗಿದ್ದು."

ಮೂರನೆಯ ಹಲಗೆ ಇಳಿದಾಗ ಒಳಗಿಂದ ಹೆಂಡತಿ, "ಒಂದು ಗೆರೆ!" ಎಂದು ಕೂಗಿದಳು. ಆರನೆಯದಕ್ಕೆ, "ಎರಡು!" ಅಮ್ಮ ಅಡುಗೆಮನೆಯಲ್ಲಿ ನಿಂತು ತಟ್ಟೆಯ ಮೇಲೆ ಸೌಟಿನಿಂದ ಬಡಿದಳು.

"ಈಗ ಕೇಳಿಸ್ತಾ?"

"ಕೇಳಿಸ್ತು ಅತ್ತೆ!"

"ಆಹಾ," ಎಂದಳು ಅಮ್ಮ, ಮತ್ತು ಇನ್ನೂ ಎರಡು ಬಾರಿಸಿದಳು.

ಆ ವಾರವೆಲ್ಲ ಹೆಂಡತಿ ಮೇಜಿನ ಮುಂದೆ, ಕುರ್ಚಿಯ ಮೇಲೆ, ಬೆನ್ನು ನೆಟ್ಟಗೆ ಮಾಡಿ ಕೂತಳು. ಕೆಲಸದ ಹೊತ್ತಿನಲ್ಲಿ ಅಡುಗೆಮನೆಯಲ್ಲಿ ಸದ್ದು ಮಾಡಬಾರದೆಂದು ಅಜ್ಜಿ ಮೊಮ್ಮಗಳಿಗೆ ಹಳೆಯ ಸನ್ನೆಗಳನ್ನು ಕಲಿಸಿಕೊಟ್ಟಳು. ಡಂಗುರಕ್ಕೆ ಗದ್ದದ ಕೆಳಗೆ ಅಂಗೈ ಬೀಸುವುದು ಒಂದೇ ದಿನಕ್ಕೆ ಬಂತು, ಮಿಕ್ಕಿದ್ದು ಬರಲಿಲ್ಲ. ಆ ಶುಕ್ರವಾರ ಮೇಲ್ವಿಚಾರಕಿ ಒಂದೇ ವಾಕ್ಯ ಬರೆದಳು: ಸೋಮವಾರದಿಂದ ಕಾಯಂ. ಹೆಂಡತಿ ಮಂಚದ ಕೆಳಗಿನ ಪೆಟ್ಟಿಗೆಯನ್ನು ಎಳೆದು, ತುಳಿದು ಚಪ್ಪಟೆ ಮಾಡಿ, ರದ್ದಿಯ ಗಂಟಿಗೆ ಸೇರಿಸಿದಳು.

ಅವನು ಅಕ್ಕನಿಗೆ ಫೋನು ಮಾಡಿ ಎಲ್ಲ ಹೇಳಿದ. ಅವಳು ಮೊದಲು ನಕ್ಕಳು. ಆಮೇಲೆ, "ಹಾಗಾದ್ರೆ ಆ ದಿಂಬೆಲ್ಲ ಸುಮ್ಮನೆ ಕಚ್ಚಿದ್ವಾ?" ಎಂದಳು.

ಭಾನುವಾರ ಮಧ್ಯಾಹ್ನ ಅಮ್ಮ ಊಟ ಮುಗಿಸಿ, ಸೋಫಾ ದಾಟಿ, ಒಳಕೋಣೆಗೆ ಹೋದಳು.

"ಇಲ್ಲೇ ಸ್ವಲ್ಪ ಒರಗ್ತೀನಿ," ಎಂದಳು. ದಿಂಬನ್ನು ತಲೆಯ ಕಡೆಯೇ ಹಾಕಿಕೊಂಡು, ಹಲಗೆಯಿಲ್ಲದ ಬರಿಯ ಗೋಡೆಯ ಪಕ್ಕ ಮಲಗಿದಳು.

ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವ ಸರದಿ ಯಾರದೆಂದು ತಾಯಿ ಮಗಳಿಗೆ ಜಗಳ ಹತ್ತಿತ್ತು. ಡಂಗುರದ ಕೈಯಿಂದ ಬಾಣಲೆಯ ಮುಚ್ಚಳ ಜಾರಿ, ನೆಲಕ್ಕೆ ಬಿದ್ದು, ಗಿರಿಗಿರಿ ತಿರುಗುತ್ತ ಇಡೀ ಮನೆಗೆ ಕೇಳುವ ಹಾಗೆ ಸದ್ದು ಮಾಡಿತು. ಅವನ ಕೈ ತಾನೇ ಮೇಲೆದ್ದಿತು. ಬೆರಳು ತುಟಿಗೆ ಬಂತು. ಎಲ್ಲರೂ ಸ್ತಬ್ಧರಾದರು. ಅವನು ಬಾಗಿ, ತಿರುಗುತ್ತಿದ್ದ ಮುಚ್ಚಳವನ್ನು ಅಂಗೈಯಲ್ಲಿ ಒತ್ತಿ ಹಿಡಿದ.

ಗೋಡೆಯ ಆಚೆಯಿಂದ ನಿದ್ದೆಗಣ್ಣಿನ ದನಿ ಬಂತು.

"ಯಾಕೋ ಸುಮ್ಮನಾದ್ರಿ? ಜಗಳ ಎಲ್ಲಿಗೆ ಬಂತು?"

ಹೆಂಡತಿ ಅವನನ್ನು ನೋಡಿದಳು. ಅವನು ಕೈಯಲ್ಲಿದ್ದ ಮುಚ್ಚಳವನ್ನು ನೋಡಿದ. ಆಮೇಲೆ ಅದನ್ನು ಮತ್ತೆ ನೆಲಕ್ಕೆ ಬಿಟ್ಟ. ಅದು ಇನ್ನೂ ತಿರುಗುತ್ತಿರುವಾಗಲೇ ಸೊಂಟಕ್ಕೆ ಕೈಯಿಟ್ಟು, ಹುಟ್ಟಿದಾಗಿನಿಂದ ಆ ಮನೆಯಲ್ಲಿ ಹಗಲು ಹೊತ್ತು ಎಂದೂ ಎತ್ತಿರದ ದನಿಯಲ್ಲಿ ಕೂಗಿದ:

"ನೋಡ್ರೇ, ಈ ವಾರ ಪಾತ್ರೆ ನಂದಲ್ಲ! ಹೋದ ವಾರವೂ ನಾನೇ ತೊಳೆದಿದ್ದು!"

"ಸುಳ್ಳು!" ಎಂದು ಡಂಗುರ ಅದಕ್ಕಿಂತ ಗಟ್ಟಿಯಾಗಿ ಕೂಗಿದಳು.

"ಹದಿಮೂರು ಎಂಟಲೆ ಎಷ್ಟೋ?" ಎಂದಿತು ಗೋಡೆಯಾಚೆಯ ದನಿ, ಅರ್ಧ ನಿದ್ದೆಯಲ್ಲಿ.

ಅವನು ತಪ್ಪು ಹೇಳಿದ, ಬೇಕೆಂದೇ. ಕಾದ. ತಿದ್ದುವ ಮಾತು ಬರಲಿಲ್ಲ. ಜಗಳ ಇನ್ನೊಂದು ಸುತ್ತು ಏರಿ ಪಾತ್ರೆಯಿಂದ ಒಗೆಯುವ ಬಟ್ಟೆಗೆ ಹೊರಳುವಷ್ಟರಲ್ಲಿ, ಆ ಗಲಾಟೆಯ ನಡುವೆ, ಗೋಡೆಯಾಚೆ ಅಮ್ಮ ಗೊರಕೆ ಹೊಡೆಯುತ್ತಿದ್ದಳು.